ಉಮ್ಮತ್ತಿ ಗಿಡವೂ ಕಿರುಚುವ ಬೇರೂ

(ಕಲಿಕಾ ಕೇಂದ್ರಗಳ ಸಭೆಯಲ್ಲಿ ಆಡಿದ ಮಾತು)



ಮಡಕಶಿರಾ ಕಡೆಯ ಒಂದು ಕೇಂದ್ರಕ್ಕೆ ಹೋಗಿದ್ದೆ. ಅವತ್ತು ‘ಉ’ ಅಕ್ಷರದ ಪಾಠ. ‘ಉ’ದಿಂದ ಶುರುವಾಗುವ ಮಾತು ಹೇಳಿ ಅಂದೆ. ಒಬ್ಬರು ಉಪ್ಪು ಅಂದರು. ಒಬ್ಬರು ಉಗುರು ಅಂದರು. ಇನ್ನೊಬ್ಬರು ಉಂಡೆ ಅಂದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಮೆಲ್ಲಗೆ “ಉಮ್ಮತ್ತಿ” ಅಂದರು. ಪಕ್ಕದಲ್ಲಿದ್ದವರು, “ಥೂ, ಸಂಜೆ ಹೊತ್ತು ಅದರ ಹೆಸರು ಯಾಕೆ ತೆಗೀತೀಯಜ್ಜೀ” ಅಂತ ಬೈದರು. ಅಜ್ಜಿ ಸುಮ್ಮನಾಗಲಿಲ್ಲ. “ಟೀಚರಮ್ಮ ಕೇಳಿದ್ರು, ನಾನು ಹೇಳ್ದೆ. ಗಿಡ ಅಲ್ವಾ ಅದು?” ಅಂದರು.

ಅವತ್ತು ಪಾಠ ಅರ್ಧಕ್ಕೇ ನಿಂತಿತು. ಎಲ್ಲರೂ ಉಮ್ಮತ್ತಿ ಗಿಡದ ಬಗ್ಗೆ ತಮಗೆ ಗೊತ್ತಿದ್ದ ಕಥೆ ಹೇಳೋಕೆ ಶುರು ಮಾಡಿದರು. ಆ ಕಥೆಗಳನ್ನು ಕೇಳಿದ ಮೇಲೆ ನನಗೆ ದೂರದೇಶದ ಇನ್ನೊಂದು ಗಿಡದ ನೆನಪಾಯಿತು. ಅದರ ಹೆಸರು ಮಾಂಡ್ರೇಕ್. ಎರಡೂ ಒಂದೇ ಕುಲದ ಗಿಡಗಳು. ಇವತ್ತು ಈ ಎರಡು ಗಿಡಗಳ ಬಗ್ಗೆಯೇ ಮಾತಾಡೋಣ.

ಮೊದಲು ನಮ್ಮ ಊರಿನ ಗಿಡ. ಉಮ್ಮತ್ತಿಯನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ತಿಪ್ಪೆಯ ಪಕ್ಕ, ಹಾಳುಗೋಡೆಯ ಹತ್ತಿರ, ಕೆರೆ ಏರಿಯ ಮೇಲೆ, ರಸ್ತೆ ಬದಿಯಲ್ಲಿ ತಾನಾಗಿಯೇ ಬೆಳೆಯುತ್ತದೆ. ಮಳೆ ಬರಲಿ ಬಿಡಲಿ, ಅದಕ್ಕೆ ಚಿಂತೆಯಿಲ್ಲ. ಶೇಂಗಾ ಒಣಗಿದರೂ ಉಮ್ಮತ್ತಿ ಒಣಗುವುದಿಲ್ಲ! ಹೂವು ಉದ್ದ, ಕಹಳೆಯ ಹಾಗೆ. ಬಿಳಿ ಇರುತ್ತದೆ, ನೇರಳೆಯೂ ಇರುತ್ತದೆ. ಸಂಜೆ ಅರಳುತ್ತದೆ. ಕಾಯಿ ನಿಂಬೆಹಣ್ಣಿನಷ್ಟು, ಮೈತುಂಬ ಮುಳ್ಳು. ಕನ್ನಡದಲ್ಲಿ ಉಮ್ಮತ್ತಿ, ದತ್ತೂರಿ, ಮದ್ದುಗುಣಿಕೆ ಅಂತ ಕರೆಯುತ್ತಾರೆ. ತೆಲುಗಿನಲ್ಲಿ ಉಮ್ಮೆತ್ತ.

ನಮ್ಮ ಕಡೆ ಒಂದು ಗಿಡಕ್ಕೆ ಎರಡು ಭಾಷೆಯ ಹೆಸರು ಇರುವುದು ಹೊಸದಲ್ಲ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಆದಾಗ ಅನಂತಪುರ ಜಿಲ್ಲೆಗೆ ಬಂತು. ಮಡಕಶಿರಾ ಅನಂತಪುರದಲ್ಲೇ ಇತ್ತು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ತಿಪ್ಪೆಯ ಮೇಲಿನ ಉಮ್ಮತ್ತಿ ಅಲ್ಲೇ ಇದೆ.

ಹೆಸರಲ್ಲೇ ಒಂದು ಗುಟ್ಟು ಇದೆ. ಸಂಸ್ಕೃತದಲ್ಲಿ ‘ಉನ್ಮತ್ತ’ ಅಂದರೆ ಹುಚ್ಚು ಹಿಡಿದವನು, ಅಮಲೇರಿದವನು. ಆ ಮಾತೇ ಉಮ್ಮತ್ತ, ಉಮ್ಮತ್ತಿ ಆಯಿತು. ಹೆಸರಿಟ್ಟವರು ಮುಂದಿನವರಿಗೆ ಎಚ್ಚರಿಕೆಯನ್ನೂ ಇಟ್ಟು ಹೋಗಿದ್ದಾರೆ. ಈ ಗಿಡವನ್ನು ಆಡು ಕೂಡ ಮೂಸಿ ನೋಡಿ ಬಿಡುತ್ತದೆ. ಎಲ್ಲವನ್ನೂ ತಿನ್ನುವ ಆಡೇ ಬಿಟ್ಟಿತೆಂದರೆ ಯೋಚನೆ ಮಾಡಬೇಕಲ್ಲವೇ?

ಆದರೆ ಇದೇ ಹೂವು ಶಿವನಿಗೆ ಪ್ರೀತಿ. ಶಿವರಾತ್ರಿಗೆ ಬಿಲ್ವಪತ್ರೆಯ ಜೊತೆ ಎಕ್ಕದ ಹೂವು, ಉಮ್ಮತ್ತಿ ಹೂವು ಏರಿಸುತ್ತೇವೆ. ಅಮರಾಪುರದ ಹತ್ತಿರದ ಹೇಮಾವತಿ ನಿಮಗೆ ಗೊತ್ತು. ಹಿಂದೆ ಅದರ ಹೆಸರು ಹೆಂಜೇರು, ನೊಳಂಬ ಅರಸರ ರಾಜಧಾನಿ. ಅಲ್ಲಿನ ಸಿದ್ಧೇಶ್ವರ ಗುಡಿಯಲ್ಲಿ ಶಿವ ಲಿಂಗವಾಗಿಲ್ಲ, ಮನುಷ್ಯರ ಹಾಗೆ ಕುಳಿತಿದ್ದಾನೆ. ವಿಷ ಕುಡಿದು ಗಂಟಲಲ್ಲಿ ಇಟ್ಟುಕೊಂಡ ದೇವರಿಗೆ ವಿಷದ ಹೂವು ಕೊಡುವುದು ನಮ್ಮ ಹಿರಿಯರಿಗೆ ಸರಿಯೆನಿಸಿತು. ನಾವು ಮುಟ್ಟಬಾರದ್ದು, ಅವನಿಗೆ ಮಾತ್ರ ದಕ್ಕುವುದು.

ಈಗ ದೂರದೇಶದ ಗಿಡಕ್ಕೆ ಬರೋಣ. ಯೂರೋಪಿನ ದಕ್ಷಿಣಕ್ಕೆ ಮೆಡಿಟರೇನಿಯನ್ ಅಂತ ಒಂದು ಸಮುದ್ರ ಇದೆ. ಅದರ ಸುತ್ತಲಿನ ದೇಶಗಳಲ್ಲಿ ಮಾಂಡ್ರೇಕ್ ಬೆಳೆಯುತ್ತದೆ. ನೆಲಕ್ಕೆ ಅಂಟಿಕೊಂಡ ಎಲೆ, ನೇರಳೆ ಬಣ್ಣದ ಹೂವು, ಸಣ್ಣ ಟೊಮೇಟೊದಂಥ ಹಳದಿ ಹಣ್ಣು. ಗಿಡ ನೋಡಲು ಏನೂ ಇಲ್ಲ. ವಿಶೇಷ ಇರುವುದು ಬೇರಿನಲ್ಲಿ. ದಪ್ಪ ಬೇರು, ಎಷ್ಟೋ ಸಲ ಕೆಳಗೆ ಎರಡಾಗಿ ಸೀಳಿರುತ್ತದೆ. ಕಿತ್ತು ನೋಡಿದರೆ ಎರಡು ಕಾಲಿನ ಸಣ್ಣ ಮನುಷ್ಯನ ಹಾಗೆ ಕಾಣುತ್ತದೆ.

ಮನುಷ್ಯನ ಆಕಾರ ಇದ್ದರೆ ಕಥೆ ಹುಟ್ಟದೇ ಇರುತ್ತದೆಯೇ? ಅದಕ್ಕೂ ಜೀವ ಇದೆ ಅಂದರು. ಕಿತ್ತಾಗ ಕಿರುಚುತ್ತದೆ ಅಂದರು. ಆ ಕಿರುಚು ಕೇಳಿದವನು ಅಲ್ಲೇ ಸಾಯುತ್ತಾನೆ ಅಂದರು. ಹಾಗಾದರೆ ಕೀಳುವುದು ಹೇಗೆ? ಅದಕ್ಕೂ ಉಪಾಯ ಇತ್ತು. ಬೇರಿನ ಸುತ್ತ ಮಣ್ಣು ಬಿಡಿಸಬೇಕು. ಒಂದು ನಾಯಿ ತಂದು ಹಗ್ಗದಿಂದ ಬೇರಿಗೆ ಕಟ್ಟಬೇಕು. ಯಜಮಾನ ದೂರ ನಿಂತು ನಾಯಿಯನ್ನು ಕರೆಯಬೇಕು. ನಾಯಿ ಓಡಿಬಂದಾಗ ಬೇರು ಕಿತ್ತು ಬರುತ್ತದೆ. ನಾಯಿ ಸಾಯುತ್ತದೆ, ಯಜಮಾನ ಉಳಿಯುತ್ತಾನೆ. ಪಾಪ, ನಾಯಿ! ಸುಮಾರು 1900 ವರ್ಷಗಳ ಹಿಂದೆ ಜೋಸೆಫಸ್ ಎಂಬ ಯೆಹೂದಿ ಚರಿತ್ರೆಕಾರ ಇಂಥದೇ ಒಂದು ಬೇರನ್ನು ನಾಯಿಯಿಂದ ಕೀಳಿಸುವ ಬಗೆಯನ್ನು ಬರೆದಿದ್ದಾನೆ. ಈ ನಾಯಿಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಅವನಿಗಿಂತ ಹಿಂದೆ, ಸುಮಾರು 2300 ವರ್ಷಗಳ ಕೆಳಗೆ, ಗ್ರೀಸ್ ದೇಶದಲ್ಲಿ ಥಿಯೋಫ್ರಾಸ್ಟಸ್ ಎಂಬ ಪಂಡಿತ ಇದ್ದ. ಗಿಡಮರಗಳ ಬಗ್ಗೆ ದೊಡ್ಡ ಪುಸ್ತಕ ಬರೆದವನು. ಮಾಂಡ್ರೇಕ್ ಸುತ್ತ ಕತ್ತಿಯಿಂದ ಮೂರು ಗೆರೆ ಎಳೆಯಬೇಕು, ಪಡುವಣಕ್ಕೆ ಮುಖ ಮಾಡಿ ಕೊಯ್ಯಬೇಕು, ಇನ್ನೊಬ್ಬ ಸುತ್ತ ಕುಣಿಯಬೇಕು ಎಂದು ಬೇರು ಕೀಳುವವರು ಹೇಳುತ್ತಾರೆ ಅಂತ ಬರೆದ. ಇಂಥ ಮಾತುಗಳಲ್ಲಿ ಕೆಲವು ಉತ್ಪ್ರೇಕ್ಷೆ ಅಂತಲೂ ಬರೆದ. ನನಗೆ ಆ ಪಂಡಿತ ಇಷ್ಟವಾಗುತ್ತಾನೆ. ಕೇಳಿದ್ದನ್ನೆಲ್ಲ ಬರೆದುಕೊಂಡ, ಆದರೆ ಕೇಳಿದ್ದನ್ನೆಲ್ಲ ನಂಬಲಿಲ್ಲ.

ಬೈಬಲ್ಲಿನಲ್ಲೂ ಈ ಹಣ್ಣಿನ ಕಥೆ ಬರುತ್ತದೆ. ಯಾಕೋಬ ಎಂಬವನಿಗೆ ಇಬ್ಬರು ಹೆಂಡಿರು. ಇಬ್ಬರೂ ಅಕ್ಕತಂಗಿಯರು. ಅಕ್ಕ ಲೇಯಾ, ತಂಗಿ ರಾಹೇಲ. ಅಕ್ಕನಿಗೆ ನಾಲ್ಕು ಗಂಡುಮಕ್ಕಳು, ಆದರೆ ಗಂಡನ ಪ್ರೀತಿ ಇಲ್ಲ. ತಂಗಿಗೆ ಗಂಡನ ಪ್ರೀತಿ ಇದೆ, ಮಕ್ಕಳಿಲ್ಲ. ಗೋಧಿ ಸುಗ್ಗಿಯಲ್ಲಿ ಲೇಯಾಳ ಮಗ ರೂಬೇನ ಹೊಲದಿಂದ ಈ ಹಣ್ಣು ತಂದ. ತಿಂದರೆ ಮಕ್ಕಳಾಗುತ್ತವೆ ಅಂತ ಅಲ್ಲಿನ ಜನರ ನಂಬಿಕೆ. ತಂಗಿ, “ಅಕ್ಕಾ, ನನಗೂ ಸ್ವಲ್ಪ ಕೊಡು” ಅಂತ ಕೇಳಿದಳು. ಅಕ್ಕನಿಗೆ ಸಿಟ್ಟು ಬಂತು. ಗಂಡನನ್ನು ಕಿತ್ತುಕೊಂಡದ್ದು ಸಾಲದೇ, ಮಗ ತಂದ ಹಣ್ಣೂ ಬೇಕಾ ಅಂದಳು. ಕೊನೆಗೆ ಒಪ್ಪಂದ ಆಯಿತು. ಹಣ್ಣು ತಂಗಿಗೆ, ಆ ರಾತ್ರಿ ಗಂಡ ಅಕ್ಕನಿಗೆ. ಆಮೇಲೆ ಏನಾಯಿತು? ಹಣ್ಣು ಕೊಟ್ಟುಬಿಟ್ಟ ಅಕ್ಕನಿಗೇ ಮತ್ತೆ ಎರಡು ಗಂಡು, ಒಂದು ಹೆಣ್ಣು ಆಯಿತು. ಹಣ್ಣು ಇಟ್ಟುಕೊಂಡ ತಂಗಿ ಕಾಯುತ್ತಲೇ ಇದ್ದಳು. ಕೊನೆಗೆ ದೇವರು ಅವಳ ಮೊರೆ ಕೇಳಿದ, ಮಗ ಹುಟ್ಟಿದ ಅಂತ ಕಥೆ.

ಈ ಕಥೆ ಹೇಳಿದಾಗ ಕೇಂದ್ರದಲ್ಲಿ ಒಬ್ಬ ಅಕ್ಕ ನಕ್ಕರು. “ಹಂಗಾದ್ರೆ ಹಣ್ಣು ಕೆಲಸ ಮಾಡ್ಲೇ ಇಲ್ಲ!” ಅಂದರು. ಕಥೆ ಬರೆದವರಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ.

ನಂಬಿಕೆ ಇದ್ದ ಕಡೆ ವ್ಯಾಪಾರ ಬರುತ್ತದೆ. ಮಾಂಡ್ರೇಕ್ ಬೆಳೆಯದ ತಂಪು ದೇಶಗಳಲ್ಲೂ ಜನರಿಗೆ ಆ ಬೇರು ಬೇಕಿತ್ತು. ಮನೆಯಲ್ಲಿಟ್ಟರೆ ಹಣ ಬರುತ್ತದೆ, ಮಕ್ಕಳಾಗುತ್ತವೆ ಅಂತ. ಮೋಸಗಾರರು ಬ್ರಯೋನಿ ಎಂಬ ಬೇರೊಂದು ಬಳ್ಳಿಯ ಬೇರನ್ನು ಚಾಕುವಿನಿಂದ ಕೆತ್ತಿ, ಕೈಕಾಲು ಮಾಡಿ, ಮಾಂಡ್ರೇಕ್ ಅಂತ ಮಾರಿದರು. ಕೊಂಡವರು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

ನಮ್ಮ ಜಾತ್ರೆಗಳಲ್ಲಿ ನೀವು ಬಿಳಿ ಎಕ್ಕದ ಬೇರು ನೋಡಿದ್ದೀರಿ. ತೆಲುಗಿನವರು ತೆಲ್ಲ ಜಿಲ್ಲೇಡು ಅಂತಾರೆ. ಹಳೇ ಗಿಡದ ಬೇರಿನಲ್ಲಿ ಗಣಪತಿ ಮೂಡುತ್ತಾನೆ ಅಂತ ನಂಬಿಕೆ. ಪುಷ್ಯ ನಕ್ಷತ್ರ ಇರುವ ಭಾನುವಾರ ಕೀಳಬೇಕು ಅಂತಾರೆ. ಪೂಜೆಗೆ ಇಟ್ಟುಕೊಳ್ಳುವವರ ಭಕ್ತಿಯನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಸೊಂಡಿಲು, ಹೊಟ್ಟೆ, ಕಿವಿ ಎಲ್ಲ ಅಚ್ಚುಕಟ್ಟಾಗಿ ಇರುವ ಬೇರನ್ನು ಯಾರಾದರೂ ಸಾವಿರಾರು ರೂಪಾಯಿಗೆ ಮಾರಲು ಬಂದರೆ, ಹತ್ತಿರ ಹಿಡಿದು ಚಾಕುವಿನ ಗುರುತು ನೋಡಿ.

ವ್ಯಾಪಾರ ಆದ ಮೇಲೆ ಇನ್ನೊಂದು ಬಂತು. ಅದು ಹೆಂಗಸರ ಮೇಲಿನ ಅಪವಾದ. ಫ್ರಾನ್ಸ್ ದೇಶದಲ್ಲಿ ಜೋನ್ ಆಫ್ ಆರ್ಕ್ ಅಂತ ಒಬ್ಬ ರೈತನ ಮಗಳು ಇದ್ದಳು. ಸೈನ್ಯದ ಮುಂದೆ ನಿಂತು ಹೋರಾಡಿದಳು. ಶತ್ರುಗಳ ಕೈಗೆ ಸಿಕ್ಕಾಗ 1431ರಲ್ಲಿ ಅವಳ ವಿಚಾರಣೆ ನಡೆಯಿತು. ಹೊರಿಸಿದ ಆರೋಪಗಳಲ್ಲಿ ಒಂದು ಏನು ಗೊತ್ತೇ? ಎದೆಯಲ್ಲಿ ಮಾಂಡ್ರೇಕ್ ಬೇರು ಇಟ್ಟುಕೊಂಡು ತಿರುಗುತ್ತಿದ್ದಳು ಅಂತ! ಅವಳು ಇಲ್ಲ ಅಂದಳು. ಆ ಒಂದು ಆರೋಪದಿಂದಲೇ ಅಲ್ಲ, ಆದರೂ ಕೊನೆಗೆ ಅವಳನ್ನು ಸುಟ್ಟು ಕೊಂದರು. ಆಗ ಅವಳಿಗೆ ಸುಮಾರು 19 ವರ್ಷ.

ಇದು ನಮಗೆ ದೂರದ ಮಾತಲ್ಲ. ಮಗ ಹೆಂಡತಿಯ ಮಾತು ಕೇಳಿದರೆ “ಸೊಸೆ ಮದ್ದು ಹಾಕಿದಾಳೆ” ಅಂತೀವಿ. ಯಾರಿಗಾದರೂ ಊಟ ಸೇರದೇ ಸೊರಗಿದರೆ “ಇಂಥವಳ ಮನೇಲಿ ಉಂಡಿದ್ದ, ಮದ್ದಿಟ್ಟಿದಾಳೆ” ಅಂತೀವಿ. ಮದ್ದು ತೆಗೆಯುವವರ ಹತ್ತಿರ ಹೋಗಿ ದುಡ್ಡು ಕೊಟ್ಟು ಬರ್ತೀವಿ. ಸೊರಗಿದವನಿಗೆ ಕ್ಷಯವೋ ಸಕ್ಕರೆ ಕಾಯಿಲೆಯೋ ಇದ್ದರೆ ಅದು ಹೊಟ್ಟೆಯೊಳಗೇ ಇರುತ್ತದೆ. ಅಪವಾದ ಹೊತ್ತವಳ ಮನೆಯಲ್ಲಿ ಆಮೇಲೆ ಯಾರೂ ನೀರೂ ಕುಡಿಯುವುದಿಲ್ಲ. ಹೀಗೆ ಒಂಟಿಯಾದ ಒಬ್ಬರು ನಮ್ಮ ಕೇಂದ್ರಕ್ಕೆ ಬರುತ್ತಿದ್ದರು. ಮೊದಲ ಎರಡು ವಾರ ಅವರ ಪಕ್ಕ ಯಾರೂ ಕೂರಲಿಲ್ಲ. ಇದನ್ನು ಇಲ್ಲಿಗೆ ಬಿಡುತ್ತೇನೆ. ನಿಮ್ಮ ನಿಮ್ಮ ಊರಿನಲ್ಲಿ ಯಾರು ಅಂತ ನಿಮಗೆ ಗೊತ್ತಿದೆ.

ಹಾಗಾದರೆ ಈ ಗಿಡಗಳಲ್ಲಿ ಏನೂ ಇಲ್ಲವೇ? ಇದೆ. ಕಿರುಚುವುದು ಸುಳ್ಳು, ವಿಷ ನಿಜ. ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಎಲ್ಲ ಒಂದೇ ಕುಟುಂಬದ ಗಿಡಗಳು. ಉಮ್ಮತ್ತಿ, ಮಾಂಡ್ರೇಕ್ ಕೂಡ ಅದೇ ಕುಟುಂಬ. ಒಂದೇ ಮನೆಯಲ್ಲಿ ಸಾಧುವೂ ಹುಟ್ಟುತ್ತಾನೆ, ಕಳ್ಳನೂ ಹುಟ್ಟುತ್ತಾನಲ್ಲ, ಹಾಗೆ. ಉಮ್ಮತ್ತಿಯಲ್ಲೂ ಮಾಂಡ್ರೇಕ್‌ನಲ್ಲೂ ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ವಸ್ತುಗಳಿವೆ. ಹೆಸರು ನೆನಪಿಡದಿದ್ದರೂ ಪರವಾಗಿಲ್ಲ. ಅವು ಮಾಡುವ ಕೆಲಸ ನೆನಪಿಡಿ.

ಉಮ್ಮತ್ತಿ ತಿಂದವರಿಗೆ ಮೊದಲು ಬಾಯಿ ಒಣಗುತ್ತದೆ. ಎಂಜಲು ನುಂಗಲೂ ಆಗುವುದಿಲ್ಲ. ಮುಖ ಕೆಂಪಾಗುತ್ತದೆ. ಮೈ ಕಾದ ಹೆಂಚಿನ ಹಾಗೆ ಬಿಸಿ, ಆದರೆ ಒಂದು ಹನಿ ಬೆವರಿಲ್ಲ. ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ನೋಟ ಮಂಜಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಉಚ್ಚೆ ಕಟ್ಟುತ್ತದೆ. ಆಮೇಲೆ ಕುಡಿದವರ ಹಾಗೆ ತೂರಾಡುತ್ತಾರೆ. ಇಲ್ಲದ್ದು ಕಾಣುತ್ತದೆ. ಗಾಳಿಯಲ್ಲಿ ದಾರ ಎಳೆದ ಹಾಗೆ ಬೆರಳಾಡಿಸುತ್ತಾರೆ, ಬಟ್ಟೆ ಕೀಳುತ್ತಾರೆ, ಬಡಬಡಿಸುತ್ತಾರೆ. ಹೆಚ್ಚಾದರೆ ಎಚ್ಚರ ತಪ್ಪಿ ಸಾಯುತ್ತಾರೆ. ಇದನ್ನು ನೋಡಿದ ಹಳೆಯ ಕಾಲದವರು ‘ಗಾಳಿ ಮೆಟ್ಟಿಕೊಂಡಿದೆ’ ಅಂದಿದ್ದರೆ ತಪ್ಪೇನು? ಅವರಿಗೆ ಕಂಡದ್ದು ಹಾಗೇ ಇತ್ತು.

ಅಮೆರಿಕದಲ್ಲೂ ಉಮ್ಮತ್ತಿ ಜಾತಿಯ ಗಿಡ ಇದೆ. 1676ರಲ್ಲಿ ಜೇಮ್ಸ್‌ಟೌನ್ ಎಂಬ ಊರಿಗೆ ದಂಗೆ ಅಡಗಿಸಲು ಬಂದ ಇಂಗ್ಲಿಷ್ ಸಿಪಾಯಿಗಳು ಅದರ ಎಲೆಯನ್ನು ಸೊಪ್ಪು ಅಂತ ಬೇಯಿಸಿ ತಿಂದರು. ಹನ್ನೊಂದು ದಿನ ಹುಚ್ಚರ ಹಾಗೆ ಆಡಿದರು. ಒಬ್ಬ ಗಾಳಿಗೆ ಗರಿ ಊದುತ್ತಿದ್ದ. ಒಬ್ಬ ಬಟ್ಟೆಯಿಲ್ಲದೇ ಮೂಲೆಯಲ್ಲಿ ಕೂತು ಹಲ್ಲುಕಿರಿಯುತ್ತಿದ್ದ. ಸರಿಹೋದ ಮೇಲೆ ಯಾರಿಗೂ ಏನೂ ನೆನಪಿರಲಿಲ್ಲ. ಹಾಗಂತ ಅಲ್ಲಿನ ಚರಿತ್ರೆಯಲ್ಲಿ ಬರೆದಿದ್ದಾರೆ.

ನಮ್ಮ ದೇಶದಲ್ಲಿ ಇದನ್ನು ಕಳ್ಳರೂ ಬಳಸಿದರು. ಬ್ರಿಟಿಷರ ಕಾಲದಲ್ಲಿ ದಾರಿಹೋಕರಿಗೆ ಊಟದಲ್ಲಿ ಉಮ್ಮತ್ತಿ ಬೀಜ ಬೆರೆಸಿ ದೋಚುವ ಗುಂಪುಗಳಿದ್ದವು. ರೈಲಿನಲ್ಲಿ “ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ” ಅಂತ ಹೇಳುತ್ತಾರಲ್ಲ, ಅದು ಬರೀ ಮಾತಲ್ಲ. ಇದರ ಬೀಜ ಮೆಣಸಿನಕಾಯಿ ಬೀಜದ ಹಾಗೇ ಚಪ್ಪಟೆ. ಮೆಣಸಿನ ಬೀಜ ನುಣುಪು, ತೆಳು ಹಳದಿ, ನಾಲಿಗೆಗೆ ಖಾರ. ಉಮ್ಮತ್ತಿ ಬೀಜ ಕಂದು, ಮೈಮೇಲೆ ಸಣ್ಣ ಸಣ್ಣ ಗುಳಿ, ಕಹಿ. ಹೇಳಿದೆ ಅಂತ ನಾಲಿಗೆಗೆ ಇಟ್ಟು ನೋಡಬೇಡಿ ಮತ್ತೆ!

ಈಗ ಒಂದು ವಿಚಿತ್ರ ಹೇಳುತ್ತೇನೆ. ಇದೇ ವಿಷ ನಮ್ಮ ರೈತರ ಜೀವ ಉಳಿಸುತ್ತದೆ. ಹೊಲಕ್ಕೆ ಹೊಡೆಯುವ ಕೆಲವು ಕ್ರಿಮಿನಾಶಕಗಳು ಮೈಗೆ ಸೇರಿದರೆ ಬಾಯಲ್ಲಿ ನೊರೆ, ಜೊಲ್ಲು ಸುರಿಯುತ್ತದೆ. ಮೈಯೆಲ್ಲ ಬೆವರುತ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ. ಉಮ್ಮತ್ತಿ ಮಾಡುವುದಕ್ಕೆ ಪೂರ್ತಿ ಉಲ್ಟಾ ಅಲ್ವಾ? ಅದಕ್ಕೇ ಡಾಕ್ಟರು ಅಂಥವರಿಗೆ ಅಟ್ರೋಪಿನ್ ಸೂಜಿ ಕೊಡುತ್ತಾರೆ. ಒಂದು ವಿಷ ಇನ್ನೊಂದನ್ನು ತಡೆಯುತ್ತದೆ. ಹಾಗಂತ ಮನೆಯಲ್ಲಿ ಉಮ್ಮತ್ತಿ ಅರೆದು ಕುಡಿಸಿದರೆ ಆಗುವುದಿಲ್ಲ. ಡಾಕ್ಟರು ಸೂಜಿಯಲ್ಲಿ ಅಳೆದು ಕೊಡುತ್ತಾರೆ, ಪಾಪೆ ನೋಡುತ್ತಾರೆ, ನಾಡಿ ನೋಡುತ್ತಾರೆ, ಮತ್ತೆ ಕೊಡುತ್ತಾರೆ. ಗಿಡದಲ್ಲಿ ಅಳತೆ ಇಲ್ಲ. ಒಂದು ಕಾಯಿಯಲ್ಲಿ ಕಡಿಮೆ ಇದ್ದರೆ ಪಕ್ಕದ ಕಾಯಿಯಲ್ಲಿ ಹೆಚ್ಚು ಇರಬಹುದು.

ಮಾಂಡ್ರೇಕ್ ಬೇರು ಮನುಷ್ಯನ ಹಾಗಿದೆ, ಅದಕ್ಕೇ ಮನುಷ್ಯನಿಗೆ ಒಳ್ಳೇದು ಅಂದುಕೊಂಡರಲ್ಲ, ಅದೆಲ್ಲ ಹಳೇ ಕಾಲದ್ದು ಅನ್ನಬೇಡಿ. 2020ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿತ್ತು. ಟೀವಿಯಲ್ಲಿ ಕೊರೊನಾ ಚಿತ್ರ ತೋರಿಸುತ್ತಿದ್ದರು. ದುಂಡಗೆ, ಸುತ್ತ ಮುಳ್ಳು ಮುಳ್ಳು. ಉಮ್ಮತ್ತಿ ಕಾಯಿಯೂ ಹಾಗೇ ಇದೆ! ಕೊರೊನಾಕ್ಕೆ ಇದೇ ಮದ್ದು ಅಂತ ಟಿಕ್‌ಟಾಕ್‌ನಲ್ಲಿ ಒಂದು ವಿಡಿಯೊ ಓಡಾಡಿತು. ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ, ಬೈರೆಡ್ಡಿಪಲ್ಲೆ ಕಡೆ, ಎರಡು ಮನೆಯವರು ಅದನ್ನು ನಂಬಿ ಉಮ್ಮತ್ತಿ ಬೀಜ ಅರೆದು ಕುಡಿದರು. ಹತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಬದುಕಿದರು. ಟಿಕ್‌ಟಾಕ್ ಅದೇ ವರ್ಷ ಜೂನ್‌ನಲ್ಲಿ ನಮ್ಮ ದೇಶದಲ್ಲಿ ನಿಂತಿತು. ಆದರೆ ಫೋನಿನಲ್ಲಿ ಮದ್ದು ಹೇಳುವವರು ನಿಂತಿಲ್ಲ.

ಈಗ ನಾಯಿಯ ಮಾತಿಗೆ ಬರೋಣ. ಆ ದೇಶದಲ್ಲಿ ಗಿಡಕ್ಕೆ ನಾಯಿ ಕಟ್ಟಿದರು. ನಮ್ಮಲ್ಲಿ ನಾಯಿ ಕಚ್ಚಿದರೆ ಗಿಡ ಕೊಟ್ಟರು.

‘ಉಮ್ಮತ್ತಿ’ ಅಂತ ಹೇಳಿದ ಅಜ್ಜಿ ಇದ್ದಾರಲ್ಲ, ಅವರು ಆಮೇಲೆ ತಮ್ಮ ಕಥೆ ಹೇಳಿದರು. ಅವರು ಚಿಕ್ಕವರಿದ್ದಾಗ ತಮ್ಮನಿಗೆ ನಾಯಿ ಕಚ್ಚಿತು. ಊರಿನ ನಾಟಿ ವೈದ್ಯ ಉಮ್ಮತ್ತಿ ರಸ ಬೆಲ್ಲದಲ್ಲಿ ಕೊಟ್ಟ. ಹುಡುಗ ಎರಡು ದಿನ ಹುಚ್ಚುಹುಚ್ಚಾಗಿ ಕೂಗಾಡಿದ. “ನೋಡಿ, ನಾಯಿ ನಂಜು ಹೊರಗೆ ಬರ್ತಾ ಐತೆ” ಅಂತ ವೈದ್ಯ ಹೇಳಿದ. ಮೂರನೇ ದಿನ ಹುಡುಗ ಎದ್ದು ಮುದ್ದೆ ಕೇಳಿದ. ವೈದ್ಯನ ಹೆಸರು ಸುತ್ತ ಹತ್ತು ಹಳ್ಳಿಗೆ ಹಬ್ಬಿತು. ಕೆಲವು ವರ್ಷ ಕಳೆದು ಅಜ್ಜಿಯ ಚಿಕ್ಕಪ್ಪನಿಗೆ ಬೇರೆ ನಾಯಿ ಕಚ್ಚಿತು. ಅದೇ ವೈದ್ಯ, ಅದೇ ರಸ, ಅದೇ ಕೂಗಾಟ. ಚಿಕ್ಕಪ್ಪನೂ ಎದ್ದು ಹೊಲಕ್ಕೆ ಹೋದ. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ನೀರಿನ ಚೊಂಬು ಕಂಡು ಹೆದರಿದ. ಗಾಳಿ ಬೀಸಿದರೂ ನಡುಗಿದ. ನಾಲ್ಕು ದಿನಕ್ಕೆ ಹೋಗಿಬಿಟ್ಟ. “ಒಂದೇ ಮದ್ದು, ಒಬ್ಬನಿಗೆ ನಾಟಿತು, ಒಬ್ಬನಿಗೆ ನಾಟಲಿಲ್ಲ. ಹಣೇಬರಹ ಟೀಚರಮ್ಮ” ಅಂದರು.

ನಾನು ಅಜ್ಜಿಯನ್ನು ಒಂದೇ ಪ್ರಶ್ನೆ ಕೇಳಿದೆ. “ಅಜ್ಜೀ, ತಮ್ಮನಿಗೆ ಕಚ್ಚಿದ ನಾಯಿ ಆಮೇಲೆ ಏನಾಯ್ತು?” ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ಏನೂ ಆಗ್ಲಿಲ್ಲ. ಅದು ಗೌಡರ ಮನೆ ನಾಯಿ. ಬಹಳ ವರ್ಷ ಇತ್ತು” ಅಂದರು. ಅಂದ ತಕ್ಷಣ ಅವರಿಗೇ ಅರ್ಥ ಆಯಿತು. ಮುಖದ ಮೇಲೆ ಸೆರಗು ಎಳೆದುಕೊಂಡರು.

ಕಚ್ಚುವ ಎಲ್ಲ ನಾಯಿಗೂ ಹುಚ್ಚು ಇರುವುದಿಲ್ಲ. ಹುಚ್ಚಿಲ್ಲದ ನಾಯಿ ಕಚ್ಚಿದವನಿಗೆ ಏನು ಕೊಟ್ಟರೂ ರೇಬೀಸ್ ಬರುವುದಿಲ್ಲ. ಉಮ್ಮತ್ತಿ ಕೊಡಿ, ಬೂದಿ ಕೊಡಿ, ಬರೀ ನೀರು ಕೊಡಿ, ಹೆಸರು ಬರುವುದು ಮದ್ದಿಗೆ. ಹುಚ್ಚುನಾಯಿ ಕಚ್ಚಿದರೂ ರೋಗ ಮರುದಿನವೇ ಕಾಣುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಸುಮ್ಮನಿರುತ್ತದೆ. ಅಷ್ಟರಲ್ಲಿ ವೈದ್ಯನಿಗೆ ಕೋಳಿ, ತೆಂಗಿನಕಾಯಿ ಎಲ್ಲ ಕೊಟ್ಟಾಗಿರುತ್ತದೆ. ಇನ್ನು ಆ ಕೂಗಾಟ ನಾಯಿಯ ನಂಜಿನದಲ್ಲ, ಉಮ್ಮತ್ತಿಯದು.

ನಾಟಿ ವೈದ್ಯ ಸುಳ್ಳುಗಾರ ಅಂತ ನಾನು ಹೇಳುತ್ತಿಲ್ಲ. ಅವನೂ ನಂಬಿದ್ದ. ಸುಶ್ರುತ ಸಂಹಿತೆ ಎಂಬ ಬಹಳ ಹಳೆಯ ವೈದ್ಯ ಗ್ರಂಥದಲ್ಲೇ ಹುಚ್ಚುನಾಯಿ ಕಡಿತಕ್ಕೆ ಉಮ್ಮತ್ತಿ ಸೇರಿದ ಮದ್ದು ಇದೆ. ನೀರು ಕಂಡು ಹೆದರುವ ಹಂತಕ್ಕೆ ಬಂದವನು ಉಳಿಯುವುದಿಲ್ಲ ಅಂತಲೂ ಅದರಲ್ಲಿ ಇದೆ. ಆ ಎರಡನೇ ಮಾತು ಇವತ್ತಿಗೂ ಬಹುಮಟ್ಟಿಗೆ ನಿಜ. ಮೊದಲ ಮಾತಿನ ಕಾಲ 1885ಕ್ಕೆ ಮುಗಿಯಿತು. ಆ ವರ್ಷ ಜುಲೈ 6ರಂದು ಫ್ರಾನ್ಸ್‌ನಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ, ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡಿಸಲು ಶುರು ಮಾಡಿದರು. ಹುಡುಗ ಬದುಕಿದ. 1907ರಲ್ಲಿ ನಮ್ಮ ದಕ್ಷಿಣದಲ್ಲಿ, ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಹೆಸರಿನ ಸಂಸ್ಥೆ ಶುರುವಾಯಿತು.

“ಹೊಟ್ಟೆಗೆ ಹದಿನಾಲ್ಕು ಸೂಜಿ” ಅಂತ ನೀವು ಕೇಳಿದ್ದೀರಿ. ಅದು ಹಳೆಯ ಲಸಿಕೆ, ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ಆ ನೋವಿಗೆ ಹೆದರಿಯೇ ಎಷ್ಟೋ ಜನ ಉಮ್ಮತ್ತಿ ರಸವೇ ವಾಸಿ ಅಂದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ 2004ರ ಕೊನೆಗೆ ನಮ್ಮ ದೇಶದಲ್ಲಿ ಆ ಲಸಿಕೆ ತಯಾರಿಕೆ ನಿಂತಿತು. ಈಗ ಹೊಟ್ಟೆಗೆ ಸೂಜಿ ಇಲ್ಲ, ತೋಳಿಗೆ.

ನಾಯಿ ಕಚ್ಚಿದರೆ ಮೊದಲು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. 15 ನಿಮಿಷ ಅಂದರೆ ಬಹಳ ಹೊತ್ತು, ಒಂದು ಬಿಂದಿಗೆ ಸಾಲದು. ಸುಣ್ಣ, ಖಾರದಪುಡಿ, ಉಮ್ಮತ್ತಿ ಎಲೆ ಏನೂ ಹಚ್ಚಬಾರದು. ಬಟ್ಟೆ ಬಿಗಿಯಬಾರದು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಮೊದಲ ದಿನವನ್ನು ಸೊನ್ನೆ ಅಂತ ಎಣಿಸುತ್ತಾರೆ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನ ಇನ್ನೊಂದು ಇರುತ್ತದೆ. ರಕ್ತ ಬಂದ ಗಾಯಕ್ಕೆ ಸುತ್ತಲೂ ಇನ್ನೊಂದು ಮದ್ದಿನ ಸೂಜಿ ಕೊಡುತ್ತಾರೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ಮೂರನೇ ಸೂಜಿ ಆದಮೇಲೆ ಕೂಲಿ ಕೆಟ್ಟೀತು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಡುತ್ತಾರೆ, ತಾರೀಖು ಬರೆದಿರುತ್ತಾರೆ. ಈಗ ನೀವೇ ಓದಬಲ್ಲಿರಿ.

ಸಭೆಯಲ್ಲಿ ಒಬ್ಬ ಅಣ್ಣ ಕೇಳಿದರು, ಹಾಗಾದರೆ ಊರಿನ ಉಮ್ಮತ್ತಿಯನ್ನೆಲ್ಲ ಕಿತ್ತು ಹಾಕೋಣವೇ ಅಂತ. ಶಾಲೆ, ಅಂಗನವಾಡಿ ಹತ್ತಿರ ಇದ್ದರೆ ಕೀಳಿ, ಮಕ್ಕಳು ಕಾಯಿಯಲ್ಲಿ ಆಟ ಆಡುತ್ತಾರೆ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಕಣ್ಣು ಮುಟ್ಟಬೇಡಿ, ಸೋಪಿನಿಂದ ಕೈ ತೊಳೆಯಿರಿ. ಕಿರುಚುವುದಿಲ್ಲ, ನಾಯಿ ಬೇಕಿಲ್ಲ. ದೂರದ ಹಾಳುಬಿದ್ದ ಜಾಗದಲ್ಲಿದ್ದರೆ ಇರಲಿ, ಶಿವರಾತ್ರಿಗೆ ಹೂವು ಬೇಕಲ್ಲ. ಮಗು ಬೀಜ ತಿಂದಿದೆ ಅಂತ ಅನುಮಾನ ಬಂದರೆ ಹುಣಸೆ ನೀರು, ಮಜ್ಜಿಗೆ ಅಂತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಉಳಿದ ಕಾಯಿಯನ್ನೂ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ತೋರಿಸಲು.

ಆ ಅಜ್ಜಿಯ ವಿಷಯ ಹೇಳುವುದು ಉಳಿಯಿತು. ಮುಂದಿನ ವಾರ ಹೋದಾಗ ಸ್ಲೇಟು ತಂದು ತೋರಿಸಿದರು. ‘ಉಮತಿ’ ಅಂತ ಬರೆದಿದ್ದರು. ಒತ್ತು ಎರಡೂ ಬಿಟ್ಟುಹೋಗಿತ್ತು. ಮಕ್ಕೆ ಮ ಒತ್ತು, ತಕ್ಕೆ ತ ಒತ್ತು ಅಂತ ತೋರಿಸಿದೆ. ಒರೆಸಿ ಮತ್ತೆ ಬರೆದರು. ಅದರ ಕೆಳಗೆ, ನಾನು ಹೇಳದೇ ಇದ್ದರೂ, 0, 3, 7, 28 ಅಂತ ಬರೆದರು.